ಬಾರ್ಲಿ ಕೊಯ್ಲಿಗೆ ಮುಂಚಿನ ಜೀರುಂಡೆ

ಮಾಲ್‌ಗೆ, ಜೇಜು ದ್ವೀಪ
11 ಅಕ್ಟೋಬರ್ 1977

ತಂಗಿ ಇನ್‌ಸಿಲ್‌ಗೆ,

ಬೇರೆ ಸುದ್ದಿಯೆಲ್ಲ ಆಮೇಲೆ. ನಿನ್ನ ಮಗಳಿಗೆ ನಿನ್ನೆ ಬೆಂಕಿಯ ಸುತ್ತ ಜಾಗ ಸಿಕ್ಕಿತು. ಕಡಲ ದಂಡೆಯ ಆ ಕಲ್ಲುಗೋಡೆಯೊಳಗೆ, ನೀನೂ ನಾನೂ ಒದ್ದೆ ಬಟ್ಟೆಯಲ್ಲಿ ನಡುಗುತ್ತ ಕೂರುತ್ತಿದ್ದೆವಲ್ಲ, ಅಲ್ಲೇ, ಚಿಪ್ಪು ಕೀಳಲು ಕಡಲಲ್ಲಿ ಮುಳುಗುವ ಮೂವತ್ತೊಂದು ಹೆಂಗಸರ ನಡುವೆ ಬುನ್ಹೀ ಕೂತಳು. ಹೊಸಬಳು, ಹೊಗೆ ಬರುವ ಕಡೆಯೇ ಅವಳ ಜಾಗ. ಕಣ್ಣು ಮೂಗು ಒರೆಸಿಕೊಳ್ಳುವುದರಲ್ಲೇ ಅರ್ಧ ಹೊತ್ತು ಹೋಯಿತು. ಓಕ್‌ದಾನ್ ಅಜ್ಜಿಗೆ ಎಪ್ಪತ್ತೊಂದಾದರೂ ಬಾಯಿ ಮಾತ್ರ ಸವೆದಿಲ್ಲ. "ಏನೇ ಹುಡ್ಗಿ, ಗಂಡನ ಮನೆಗೆ ಕಳಿಸ್ದಂಗೆ ಅಳ್ತಿದ್ದೀಯಲ್ಲೇ!" ಎಂದು ಎಲ್ಲರನ್ನೂ ನಗಿಸಿದಳು.

ಬುನ್ಹೀ ನನ್ನ ಜೋಡಿ. ಒಬ್ಬಳು ಕೆಳಗೆ ಹೋದಾಗ ಇನ್ನೊಬ್ಬಳು ಸೋರೆಯ ತೇಲುಬುರುಡೆ ಹಿಡಿದು ಮೇಲೆ ಕಾಯಬೇಕು. ನಿನಗೆ ಇದನ್ನು ಹೇಳಿಕೊಡಬೇಕೇ? ಮೇಲೆ ಬಂದವಳು ಬಿಡುವ ಸಿಳ್ಳುಸಿರು ಕೇಳಿಸಿದರೆ ಜೀವ ಇದೆ ಎಂದು ಅರ್ಥ. ಬುನ್ಹೀಯ ಸಿಳ್ಳೆ ಥೇಟ್ ನಿನ್ನದೇ, ಎಲ್ಲರದಕ್ಕಿಂತ ಸಣ್ಣ, ಎಲ್ಲರದಕ್ಕಿಂತ ಮೇಲೆ ಎಂದು ಅಜ್ಜಿ ಹೇಳುತ್ತಾಳೆ.

ಮೊದಮೊದಲು ಕಿವಿನೋವೆಂದು ಗೋಳಾಡಿದಳು. ಅಮ್ಮ ನಮಗೆ ಹೇಳಿದ್ದನ್ನೇ ನಾನೂ ಹೇಳಿದೆ: "ತಡ್ಕೊಳ್ಳೇ. ಒಂದ್ಸಲ ಟಪ್ ಅಂದ್ರೆ ಮುಗೀತು, ಆಮೇಲೆ ಎಷ್ಟು ಆಳಕ್ಕಾದ್ರೂ ಹೋಗ್ಬೋದು." ಹೋದ ಶುಕ್ರವಾರ ಟಪ್ ಎಂದಿತಂತೆ. ಈಗ ನಾಲ್ಕಾಳು ಆಳಕ್ಕೆ ಹೋಗುತ್ತಾಳೆ. ನೀರಿಗಿಳಿಯುವ ಮುಂಚೆ ಎಲ್ಲರಂತೆ ಅವಳಿಗೂ ಒಂದು ಪೊಟ್ಟಣ ತಲೆನೋವಿನ ಪುಡಿ ಕೊಡುತ್ತೇನೆ.

ನನ್ನದೇನಿಲ್ಲ, ಕಲ್ಲುಗುಂಡಿನಂತೆ ಇದ್ದೇನೆ. ಈ ವರ್ಷ ಮಾತ್ರ ಜೀರುಂಡೆ ಚಳಿ ಹತ್ತಿದರೂ ಹೋಗುವಂತೆ ಕಾಣುವುದಿಲ್ಲ, ಬಲಗಡೆ ಗೋಡೆಯಲ್ಲೆಲ್ಲೋ ಸಂಸಾರ ಹೂಡಿದೆ.

ಫೋನು ಮಾಡುತ್ತೇನೆ ಎಂದು ಬರೆದಿದ್ದೀಯ. ಬೇಡ ಮಾರಾಯ್ತಿ. ಊರ ಕಚೇರಿಯಲ್ಲಿರುವುದು ಒಂದೇ ಫೋನು. ಬಂತೆಂದರೆ ಮೈಕಿನಲ್ಲಿ ಹೆಸರು ಕೂಗುತ್ತಾರೆ, ಅರ್ಧ ಊರು ಬಾಗಿಲಿಗೆ ಬಂದು ನಿಲ್ಲುತ್ತದೆ. ಹೇಗೂ ಅಮ್ಮನ ತಿಥಿಗೆ ಬರುತ್ತೀಯಲ್ಲ, ಎದುರಾಬದುರು ಕೂತು ಮಾತಾಡೋಣ. ಹಡಗಿನವನ ಕೈಯಲ್ಲಿ ಉಪ್ಪುಮೀನಿನ ಭರಣಿ ಕಳಿಸಿದ್ದೇನೆ.

ಅಕ್ಕ ಮಾನೋಕ್


ಯೊಂಗ್ದೋ, ಬುಸಾನ್
2 ನವೆಂಬರ್ 1977

ಅಕ್ಕನಿಗೆ,

ಭರಣಿ ತಲುಪಿತು. ಈಗೀಗ ನನಗೆ ಉಪ್ಪು ಹಿಡಿಸುತ್ತಿಲ್ಲ, ಅದಕ್ಕೇ ಪಕ್ಕದ ಮನೆಯವರಿಗೆ ಕೊಟ್ಟೆ. ತಿಂದು ಹೊಗಳಿದ್ದೇ ಹೊಗಳಿದ್ದು.

ಬುನ್ಹೀ ಕಡಲಿಗಿಳಿದಳು ಎಂದು ಓದಿ ಖುಷಿಪಡಲು ನೋಡಿದೆ, ಆಗಲಿಲ್ಲ. ಅವಳ ಅಪ್ಪ ಹೋದ ಮೇಲೆ ಒಂಬತ್ತು ವರ್ಷದವಳನ್ನು ನಿನ್ನ ಮಡಿಲಿಗೆ ಹಾಕಿ ಬಂದವಳು ನಾನು. ಈಗ ಅವಳಿಗೆ ಹತ್ತೊಂಬತ್ತು. ಹೀಗೆ ಮಾಡು, ಹಾಗೆ ಮಾಡು ಎನ್ನುವ ಬಾಯಿ ನನಗಿಲ್ಲ. ಆದರೂ ಇಲ್ಲಿ ನಮ್ಮ ರಬ್ಬರ್ ಶೂ ಕಾರ್ಖಾನೆಯಲ್ಲಿ ಹುಡುಗಿಯರನ್ನು ತೆಗೆದುಕೊಳ್ಳುತ್ತಿದ್ದಾರೆ, ಯೋಚನೆ ಮಾಡು ಅಕ್ಕ.

ತಿಥಿಗೆ ಬರಲು ಆಗುವುದಿಲ್ಲ. ಕೆಲಸ ಜಾಸ್ತಿ, ರಜೆ ಕೊಡುತ್ತಿಲ್ಲ. ಹೊಲಿಗೆ ಮೆಷಿನ್ನಿನ ಸದ್ದು ಹೇಗಾಗಿದೆ ಎಂದರೆ ಭಾನುವಾರವೂ ಕಿವಿಯಲ್ಲಿ ಗುಂಯ್ ಎನ್ನುತ್ತಿರುತ್ತದೆ.

ಫೋನು ಬೇಡ ಎನ್ನಬೇಡ. ಯಾರು ಕೇಳಿಸಿಕೊಂಡರೆ ನಮಗೇನು? ನನಗೆ ಬುನ್ಹೀ ದನಿ ಒಂದು ಸಲ ಕೇಳಬೇಕು, ಬೇಗ ಕೇಳಬೇಕು. ಯಾಕೆ ಎಂದು ಕೇಳಬೇಡ, ತಾಯಿಯ ಹಟ ಎಂದುಕೊ. 27ನೇ ತಾರೀಖು ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಮಾಡುತ್ತೇನೆ.

ಇನ್‌ಸಿಲ್


ಮಾಲ್‌ಗೆ
20 ನವೆಂಬರ್ 1977

ಇನ್‌ಸಿಲ್,

ಮೂರು ದಿನ ಕೂತು ಮುಳ್ಳು ಬಿಡಿಸಿ ಉಪ್ಪು ಹಾಕಿದ ಮೀನನ್ನು ಪಕ್ಕದ ಮನೆಗೆ ಕೊಟ್ಟೆಯಾ? ಭೇಷ್. ಚಿಕ್ಕವಳಿದ್ದಾಗ ಭರಣಿಗೇ ಕೈಹಾಕಿ ತಿಂದು ಬೆನ್ನಿಗೆ ಗುದ್ದಿಸಿಕೊಂಡವಳು ನೀನು. ಪಟ್ಟಣದ ಗಾಳಿ ತಗುಲಿ ಮೀನಿನ ವಾಸನೆ ಆಗದಂತಾಯಿತೇನೋ. ಅಕ್ಕನ ವಾಸನೆಯೂ ಹಾಗೇ ಇರಬೇಕು, ಅದಕ್ಕೇ ನಾಲ್ಕು ವರ್ಷದಿಂದ ಅಮ್ಮನ ತಿಥಿಗೆ ಒಂದಲ್ಲ ಒಂದು ನೆಪ. ಹಡಗಿನಲ್ಲಿ ಹತ್ತಿ ಮಲಗಿದರೆ ಬೆಳಗ್ಗೆ ಇಲ್ಲಿ. ಅಷ್ಟಕ್ಕೂ ನಿನಗೆ ಪುರುಸೊತ್ತಿಲ್ಲ.

ಬುನ್ಹೀಯನ್ನು ಯಾವ ಕಾರ್ಖಾನೆಗೂ ಕಳಿಸುವುದಿಲ್ಲ. ಅವಳಿಗೆ ಕಡಲು ಒಲಿದಿದೆ. ನನಗೂ ಮನೆಯಲ್ಲಿ ಒಬ್ಬರು ಬೇಕು.

ಫೋನು ಮಾಡಬೇಡ ಎಂದೆ, ಬೇಡ ಎಂದರೆ ಬೇಡ.

ಅಕ್ಕ


ಯೊಂಗ್ದೋ
5 ಡಿಸೆಂಬರ್ 1977

ಅಕ್ಕ,

ಅಂಚೆ ಕಚೇರಿಯಲ್ಲಿ ಒಂದು ಗಂಟೆ ಸರದಿ ನಿಂತು ಫೋನು ಮಾಡಿದ್ದಕ್ಕೆ ನೀನು ಮಾಡಿದ ಮರ್ಯಾದೆಗೆ ಕೈ ಮುಗಿದೆ. "ಅಕ್ಕಾ, ನಾನು" ಎಂದೆ. "ಹೂಂ" ಎಂದೆ ನೀನು. ಚೆನ್ನಾಗಿದ್ದೀಯಾ ಎಂದರೂ ಹೂಂ, ಕೋಪವೇ ಎಂದರೂ ಹೂಂ. "ಬುನ್ಹೀನ ಕರಿ, ಒಂದೇ ನಿಮಿಷ ಸಾಕು" ಎಂದು ಗೋಗರೆದೆ. "ಹೂಂ ಹೂಂ, ಆಯ್ತು" ಎಂದು ಇಟ್ಟೇಬಿಟ್ಟೆ. ಸತ್ತ ಫೋನನ್ನು ಹಿಡಿದುಕೊಂಡು ಅಷ್ಟು ಜನರ ಮುಂದೆ ನಿಂತಿದ್ದೆ. ಹಿಂದಿನವನು "ಆಯ್ತೇನ್ರೀ ಅಮ್ಮಾ?" ಎಂದು ಭುಜ ತಟ್ಟಿದ ಮೇಲೇ ಎಚ್ಚರವಾದದ್ದು.

ನನ್ನ ಮಗಳನ್ನು ಸಾಕಿದೆ, ಆ ಋಣ ತೀರಿಸಲಾರೆ. ಹಾಗೆಂದು ಅವಳ ದನಿಯನ್ನೂ ನೀನೇ ಬೀಗ ಹಾಕಿ ಇಟ್ಟುಕೊಳ್ಳಬೇಕೇ?

ಇನ್‌ಸಿಲ್


ಯೊಂಗ್ದೋ
10 ಜನವರಿ 1978

ಅಕ್ಕನಿಗೆ,

ಒಂದು ತಿಂಗಳಾಯಿತು, ನಿನ್ನಿಂದ ಒಂದು ಸಾಲೂ ಇಲ್ಲ. ಕೋಪದಲ್ಲಿ ಏನೇನೋ ಗೀಚಿದೆ, ಹೊಟ್ಟೆಗೆ ಹಾಕಿಕೊ. ಕಡಲು ಈಗ ಕೊರೆಯುತ್ತಿರುತ್ತದೆ. ಬುನ್ಹೀ ಚೆನ್ನಾಗಿದ್ದಾಳೆಯೇ? ಅದೊಂದು ಬರೆದರೂ ಸಾಕು.

ಇನ್‌ಸಿಲ್


ಮಾಲ್‌ಗೆ
3 ಫೆಬ್ರವರಿ 1978

ತಂಗಿ,

ಬುನ್ಹೀ ಚೆನ್ನಾಗಿದ್ದಾಳೆ. ನಿನ್ನ ಮೇಲೆ ಕೋಪವಿಲ್ಲ. ಆ ದಿನ ಫೋನಿನಲ್ಲಿ ಬರೀ ಕರಕರ ಸದ್ದು, ಅಷ್ಟೇ.

ಒಂದು ಮಾತು ಕೇಳುವುದಿದೆ. ಪಟ್ಟಣದಲ್ಲಿ ದೊಡ್ಡ ಡಾಕ್ಟರುಗಳಿದ್ದಾರೆ, ಯಾರನ್ನಾದರೂ ವಿಚಾರಿಸು. ನಮ್ಮವರಲ್ಲಿ ಒಬ್ಬಳಿಗೆ ಹೀಗಾಗಿದೆ. ಹೆಸರು ಬೇಡ, ಯಾರಿಗೂ ಹೇಳಬೇಡ ಎಂದು ಆಣೆ ಹಾಕಿಸಿಕೊಂಡಿದ್ದಾಳೆ. ಹೋದ ತಿಂಗಳು ಐದಾಳು ಆಳದಲ್ಲಿ ಬಂಡೆಯ ಸಂದಿಯಿಂದ ತಲೆ ಹೊರಗೆ ತೆಗೆದು ತಿರುಗಿದಳು. ತಿರುಗಿದ ಕೂಡಲೇ ಇಡೀ ಕಡಲು ಗಿರ್ರನೆ ಸುತ್ತಿತು. ನಿಂತ ಮೇಲೆ ನೋಡಿದರೆ ಮೇಲೆ ಯಾವುದು ಕೆಳಗೆ ಯಾವುದು ತಿಳಿಯದು. ಬೆಳಕು ಒಮ್ಮೆ ಕಾಲ ಕಡೆ, ಒಮ್ಮೆ ಬೆನ್ನ ಕಡೆ. ಮೇಲಕ್ಕೆ ಎಂದುಕೊಂಡು ಜೋರಾಗಿ ಈಜಿದಳು, ಕೈಗೆ ಮರಳು ಸಿಕ್ಕಿತು.

ಇನ್‌ಸಿಲ್, ಉಸಿರು ಮುಗಿಯುತ್ತ ಬಂದಾಗ ಕೈಗೆ ಮರಳು ಸಿಗುವುದೆಂದರೆ ಏನು ಎಂದು ನಿನಗೆ ಗೊತ್ತು. ಕೊನೆಗೆ ಬಾಯಿಯಿಂದ ಒಂದು ಗುಳ್ಳೆ ಬಿಟ್ಟು, ಅದು ಹೋದ ಕಡೆಗೆ ಹೋಗಿ ಬದುಕಿದಳು. ದಂಡೆಗೆ ಬಂದು ವಾಂತಿ ಮಾಡಿಕೊಂಡಳು. ಏನಾಯ್ತೆಂದು ಕೇಳಿದವರಿಗೆ ಹಳಸಿದ ಗಂಜಿ ಎಂದಳು.

ಈಗ ಅವಳು ಮಲಗಿದಲ್ಲಿ ಬಲಕ್ಕೆ ಹೊರಳಿದರೂ ಸೂರು ತಿರುಗುತ್ತದೆ. ಕಿವಿಯಲ್ಲಿ ಸದ್ದು. ಕೆಲವು ಸದ್ದು ಕೇಳಿಸುತ್ತದೆ, ಕೆಲವು ಇಲ್ಲ. ಹೆದರಿದ್ದಾಳೆ, ತುಂಬ ಹೆದರಿದ್ದಾಳೆ. ಇದು ತಾನಾಗಿ ವಾಸಿಯಾಗುತ್ತದೆಯೇ, ಎಷ್ಟು ದಿನಕ್ಕೆ, ಯಾವ ಮಾತ್ರೆಗೆ? ಬೇಗ ಬರೆ. ಅವಳು ದಿನಾ ಕೇಳುತ್ತಾಳೆ.

ಅಕ್ಕ


ಯೊಂಗ್ದೋ
19 ಫೆಬ್ರವರಿ 1978

ಅಕ್ಕಾ,

ನಿಜ ಹೇಳು. ಆ ಹೆಂಗಸು ಬುನ್ಹೀ ತಾನೇ?

ಹೆಸರು ಬೇಡ, ಆಣೆ ಹಾಕಿಸಿಕೊಂಡಿದ್ದಾಳೆ, ದಿನಾ ಕೇಳುತ್ತಾಳೆ. ಬೇರೆ ಯಾರಿಗಾಗಿ ನೀನು ಇಷ್ಟು ಸುತ್ತಿ ಬಳಸಿ ಬರೆಯುತ್ತೀಯ? ಅವಳಲ್ಲದಿದ್ದರೆ ಅವಳಲ್ಲ ಎಂದು ಮೊದಲು ಬರೆ.

ಡಾಕ್ಟರನ್ನು ವಿಚಾರಿಸುವ ಅಗತ್ಯವಿಲ್ಲ. ಎರಡು ವರ್ಷದಿಂದ ನಾನೇ ಒಬ್ಬರ ಹತ್ತಿರ ಹೋಗುತ್ತಿದ್ದೇನೆ. ನಿನ್ನಿಂದ ಮುಚ್ಚಿಟ್ಟಿದ್ದೆ. ಒಂದೇ ಕಿವಿಯಲ್ಲಿ ಮೂರು ಕಾಯಿಲೆ ಎನ್ನುತ್ತಾರೆ ಅವರು. ಒಳಗಿವಿಯಲ್ಲಿ ನೀರು ತುಂಬಿ ಒತ್ತುವುದು ಒಂದು. ಅದು ಬಂದ ದಿನ ಲೋಕವೇ ಬುಗುರಿಯಾಗುತ್ತದೆ, ಗೋಡೆ ಹಿಡಿದು ತೆವಳುತ್ತೇನೆ. ಒಳಗಿನ ಹರಳು ಜಾರಿರುವುದು ಎರಡನೆಯದು. ತಲೆ ಹೊರಳಿಸಿದರೆ ಸಾಕು, ಸೂರು ಸುತ್ತುತ್ತದೆ, ನಿನ್ನ ಆ ಹೆಂಗಸಿಗೆ ಆದಂತೆಯೇ. ಮುಳುಗುತ್ತಿದ್ದ ಕಾಲದಲ್ಲಿ ಎಂದೋ ಹರಿದ ಪೊರೆ ಮೂರನೆಯದು. ನಾನು ಟಪ್ ಎಂದ ಕಥೆ ಹೇಳಿದಾಗ ಡಾಕ್ಟರು ಪೆನ್ನು ಕೆಳಗಿಟ್ಟು, "ಯಾರಮ್ಮಾ ಇದನ್ನ ಕಲಿಸಿದ್ದು ನಿಮಗೆ?" ಎಂದರು. ಅಮ್ಮ ಎಂದೆ.

ಉಪ್ಪು ಮುಟ್ಟಕೂಡದಂತೆ. ಕಿಮ್ಚಿ ಇಲ್ಲ, ಉಪ್ಪುಮೀನಿಲ್ಲ, ಬದುಕಿ ಏನು ಮಾಡಲಿ? ನಿನ್ನ ಭರಣಿಯ ಬಾಯಿ ಬಿಚ್ಚಿ ವಾಸನೆ ನೋಡಿ ಅತ್ತು, ಆಮೇಲೆ ಕೊಟ್ಟೆ ಅಕ್ಕ. ಹಡಗಿನ ಮೆಟ್ಟಿಲು ಹತ್ತಲಾರೆ, ನೆಲ ಅಲುಗಿದರೆ ಬಿದ್ದುಬಿಡುತ್ತೇನೆ. ರಜೆಯ ಮಾತೆಲ್ಲ ಸುಳ್ಳು. ಎಡಗಿವಿ ಹೋಗಿದೆ. ಬಲಗಿವಿಯೂ ಈಗ ದಿನ ಬಿಟ್ಟು ದಿನ ಮುಚ್ಚುತ್ತದೆ. ಅದು ಪೂರ್ತಿ ಮುಚ್ಚುವುದರೊಳಗೆ ಬುನ್ಹೀ ದನಿ ಕೇಳಿಬಿಡೋಣ ಎಂದು ಫೋನು ಫೋನು ಎಂದು ಪ್ರಾಣ ತಿಂದೆ.

ಅವಳು ಯಾರೇ ಆಗಿರಲಿ, ಇವತ್ತೇ ನೀರಿನಿಂದ ಎಬ್ಬಿಸು. ಅವಳ ಕಿವಿಯನ್ನು ನಂಬಿ ಇನ್ನೊಬ್ಬರನ್ನು ನೀರಿಗೆ ಇಳಿಸಬೇಡ. ನೀನು ಮುಂದಾಳು, ನಿನ್ನ ಮಾತು ಎಲ್ಲರೂ ಕೇಳುತ್ತಾರೆ. ಕೈ ಮುಗಿಯುತ್ತೇನೆ.

ಇನ್‌ಸಿಲ್


ಮಾಲ್‌ಗೆ
28 ಮಾರ್ಚ್ 1978

ಇನ್‌ಸಿಲ್,

ಬುನ್ಹೀ ಬದುಕಿದ್ದಾಳೆ. ಮೊದಲು ಅದನ್ನು ಎರಡು ಸಲ ಓದಿಕೊ, ಆಮೇಲೆ ಮುಂದಕ್ಕೆ ಹೋಗು.

ಆ ಹೆಂಗಸು ಬುನ್ಹೀ ಅಲ್ಲ, ನಾನು. ನಿನ್ನ ಕಾಗದ ಫೆಬ್ರವರಿ ಕೊನೆಯಲ್ಲೇ ಬಂದಿತ್ತು. ಮೂರು ಸಲ ಓದಿ ಅಕ್ಕಿ ಡಬ್ಬದ ಕೆಳಗಿಟ್ಟೆ. ಉತ್ತರವನ್ನೂ ಬರೆಯಲಿಲ್ಲ, ಮುಳುಗುವುದನ್ನೂ ಬಿಡಲಿಲ್ಲ, ಹುಡುಗಿಗೂ ಹೇಳಲಿಲ್ಲ. ನಿನ್ನ ಬೈಗುಳ ಇನ್ನೂ ಬಂದಿಲ್ಲ. ಬಂದ ಮೇಲೂ ಸಾಲದು ಅದು.

ಹೋದ ವರ್ಷದ ಚಳಿಗಾಲದಿಂದಲೇ ನನಗೆ ಸಣ್ಣ ಸದ್ದುಗಳು ಹೋಗಿವೆ. ಅಲೆ ಕೇಳಿಸುತ್ತದೆ, ದೋಣಿಯ ಎಂಜಿನ್ನು ಕೇಳಿಸುತ್ತದೆ, ಕಚೇರಿಯವನ ಗಂಟಲೂ ಕೇಳಿಸುತ್ತದೆ. ಹೆಂಗಸರ ಮಾತನ್ನು ಅರ್ಧ ಕಿವಿಯಿಂದ, ಅರ್ಧ ಅವರ ತುಟಿಯಿಂದ ತಿಳಿಯುತ್ತೇನೆ. ಅದಕ್ಕೇ ಯಾರಿಗೂ ಅನುಮಾನ ಬರಲಿಲ್ಲ. ಹಕ್ಕಿ ಇಲ್ಲ, ಕೆಟಲಿನ ಸದ್ದಿಲ್ಲ. ಸಿಳ್ಳುಸಿರು ಅಂತೂ ಒಂದೂ ಇಲ್ಲ. ಮೂವತ್ತೊಂದು ಹೆಂಗಸರು ಸುತ್ತ ಮುಳುಗಿ ಏಳುತ್ತಿದ್ದರೂ ನನಗೆ ಕಡಲು ಖಾಲಿ. ಜೀರುಂಡೆ ಗೋಡೆಯಲ್ಲಿದೆ ಎಂದು ಬರೆದಿದ್ದೆನಲ್ಲ, ಅದು ಗೋಡೆಯಲ್ಲಿಲ್ಲ. ಫೋನಿನಲ್ಲಿ ನೀನು ಹೇಳಿದ್ದು ಒಂದಕ್ಷರವೂ ತಿಳಿಯಲಿಲ್ಲ, ಹೂಂ ಎನ್ನದೆ ಏನೆನ್ನಲಿ? ಬಾಗಿಲ ತುಂಬ ಜನ ನಿಂತಿದ್ದರು.

ಬುನ್ಹೀ ಮುಳುಗಿದರೆ ನಾನು ಎಣಿಸುತ್ತಿದ್ದೆ. ಎಪ್ಪತ್ತರೊಳಗೆ ಅವಳ ತಲೆ ಕಾಣಬೇಕು. ಐದು ತಿಂಗಳು ಹೀಗೇ ನಡೆಯಿತು. ಎಣಿಕೆ ಇದ್ದರೆ ಕಿವಿ ಏಕೆ ಎಂದು ನನಗೆ ನಾನೇ ಹೇಳಿಕೊಂಡೆ.

20ನೇ ತಾರೀಖು ಸೋಮವಾರ ನೀರು ತಿಳಿಯಾಗಿತ್ತು. ಅವಳು ಮುಳುಗಿದಳು, ನಾನು ಎಣಿಸತೊಡಗಿದೆ. ಇಪ್ಪತ್ತಕ್ಕೋ ಮೂವತ್ತಕ್ಕೋ ಅವಳ ತೇಲುಬುರುಡೆ ಬಲಕ್ಕೆ ಸರಿಯಿತೆಂದು ತಲೆ ತಿರುಗಿಸಿದೆ. ಅಷ್ಟೇ. ಕಡಲು, ದಂಡೆ, ಆಕಾಶ ಎಲ್ಲ ಒಟ್ಟಿಗೆ ಗಿರಗಿರ. ನನ್ನ ತೇಲುಬುರುಡೆಯನ್ನು ಎರಡೂ ಕೈಯಲ್ಲಿ ತಬ್ಬಿ ಕಣ್ಣು ಮುಚ್ಚಿದೆ. ಎಣಿಕೆ ಎಲ್ಲಿ ತಪ್ಪಿತೋ ಗೊತ್ತಿಲ್ಲ. ಕಣ್ಣು ತೆರೆದಾಗ ಇಬ್ಬರು ಹೆಂಗಸರು ನನ್ನನ್ನು ದಾಟಿ ಮುಳುಗುತ್ತಿದ್ದರು. ದೂರದಲ್ಲಿ, ಮುದುಕಿಯರಿಗೆಂದು ಬಿಟ್ಟ ಎದೆಮಟ್ಟದ ನೀರಿನಲ್ಲಿ ನಿಂತು ಓಕ್‌ದಾನ್ ಅಜ್ಜಿ ಎರಡೂ ಕೈ ಬೀಸುತ್ತಿದ್ದಳು, ಬಾಯಿ ಅಗಲವಾಗಿ ತೆರೆದಿತ್ತು. "ಮಾನೋಕ್! ಹುಡುಗಿ ಸಿಳ್ಳೆ ಎಲ್ಲೇ? ಹುಡುಗಿ ಸಿಳ್ಳೆ ಎಲ್ಲೇ?" ಎಂದು ಆಗಿನಿಂದ ಕಿರುಚುತ್ತಿದ್ದಳಂತೆ. ಅಷ್ಟು ದೂರದಲ್ಲಿದ್ದ ಅವಳಿಗೆ ಸಿಳ್ಳೆ ಬರಲಿಲ್ಲವೆಂದು ತಿಳಿಯಿತು, ಪಕ್ಕದಲ್ಲಿದ್ದ ನನಗೆ ತಿಳಿಯಲಿಲ್ಲ.

ಬುನ್ಹೀಯ ಮೀಟುಗೋಲು ದೊಡ್ಡ ಚಿಪ್ಪಿನ ಅಡಿ ಸಿಕ್ಕಿಕೊಂಡಿತ್ತು. ಚಿಪ್ಪು ಬಂಡೆಯನ್ನು ಅಪ್ಪಿ ಹಿಡಿದಿತ್ತು, ಗೋಲಿನ ಹುರಿ ಇವಳ ಮಣಿಕಟ್ಟಿಗೆ ಬಿಗಿದಿತ್ತು. ಹುರಿ ಕತ್ತರಿಸಿ ಮೇಲೆ ತಂದರು. ತುಟಿ ನೀಲಿಯಾಗಿತ್ತು. ಮೂಗಿನಿಂದಲೂ ಎಡಗಿವಿಯಿಂದಲೂ ರಕ್ತ. ಬೆನ್ನಿಗೆ ಗುದ್ದಿದರು, ಕೆಮ್ಮಿದಳು, ಅತ್ತಳು. ಅವಳು ಅತ್ತದ್ದು ನನಗೆ ಕಂಡಿತು.

ಆಮೇಲೆ ನಾನು ದಂಡೆಯ ಬೆಂಕಿಗೆ ಕಟ್ಟಿಗೆ ಒಟ್ಟುತ್ತ ಕೂತಿದ್ದೆ. ಸ್ವಲ್ಪ ಹೊತ್ತಿಗೆ ತಲೆ ಎತ್ತಿದರೆ ಎಲ್ಲರೂ ನನ್ನ ಬೆನ್ನ ಹಿಂದೆ ನೋಡುತ್ತಿದ್ದಾರೆ, ಆಮೇಲೆ ನನ್ನನ್ನು ನೋಡುತ್ತಿದ್ದಾರೆ. ತಿರುಗಿದೆ. ಅಜ್ಜಿ ನಿಂತಿದ್ದಳು. ನನ್ನ ಬೆನ್ನ ಹಿಂದೆ ನಿಂತು ಮೂರು ಸಲ ಸಿಳ್ಳುಸಿರು ಬಿಟ್ಟಿದ್ದಳಂತೆ. ಕುಕ್ಕರಗಾಲಿನಲ್ಲಿ ನನ್ನೆದುರು ಕೂತು, ನನಗೆ ಕಾಣುವಂತೆ ಬಿಡಿಸಿ ಬಿಡಿಸಿ ಹೇಳಿದಳು: "ಯಾವಾಗಿನಿಂದ ಕಣೇ? ಯಾಕೇ ಹೇಳ್ಲಿಲ್ಲ ಪಾಪಿ?"

ಯಾಕೆಂದು ನಿನಗೆ ಹೇಳುತ್ತೇನೆ. ಮುಂದಾಳಿನ ಜಾಗ ಹೋಗುತ್ತದೆಂಬ ಸಂಕಟ ಇತ್ತು, ಇಲ್ಲವೆನ್ನುವುದಿಲ್ಲ. ಅದಕ್ಕಿಂತ ದೊಡ್ಡದು, ಜೋಡಿ ತಪ್ಪಿದರೆ ಬುನ್ಹೀ ನಿನ್ನ ಕಡೆ ಬಂದುಬಿಡುತ್ತಾಳೆ. ಬಾಗಿಲು ಬಡಿದರೆ ಹೇಳುವವಳು ಅವಳು. ಅಂಗಡಿಯವನು ಏನೆಂದ ಎಂದು ಹೇಳುವವಳೂ ಅವಳೇ. ಅವಳಿಗೇ ಗೊತ್ತಿಲ್ಲದೆ ಅವಳನ್ನು ನನ್ನ ಕಿವಿ ಮಾಡಿಕೊಂಡಿದ್ದೆ. ಅವಳಿಲ್ಲದ ಮನೆಯನ್ನು ನೆನೆದರೆ ಕೈಗೆ ಮರಳು ಸಿಕ್ಕಿದಂತಾಗುತ್ತದೆ.

ನಾನೀಗ ಮುದುಕಿಯರ ನೀರಿಗೆ ಇಳಿದಿದ್ದೇನೆ. ಬೆಂಕಿಯ ಹತ್ತಿರವೂ ಜಾಗ ಬದಲಾಗಿದೆ.

ಅಕ್ಕ


ಯೊಂಗ್ದೋ
6 ಏಪ್ರಿಲ್ 1978

ಅಕ್ಕ,

ನಾಲ್ಕು ಕಾಗದ ಬರೆದು ಹರಿದೆ. ಅವುಗಳಲ್ಲಿ ಇದ್ದದ್ದನ್ನು ನೀನು ಓದದಿರುವುದೇ ಒಳ್ಳೆಯದು.

ನನ್ನ ಮಗಳನ್ನು ಕಳಿಸು. ರಕ್ತ ಬಂದ ಕಿವಿಯನ್ನು ನೀರಿಗೆ ಇಳಿಸಬೇಡ, ಅವಳು ಎಷ್ಟೇ ಹಟ ಮಾಡಲಿ. ಏಪ್ರಿಲ್ 16 ಭಾನುವಾರ ಹನ್ನೊಂದಕ್ಕೆ ಫೋನು ಮಾಡುತ್ತೇನೆ. ಈ ಸಲ ಅವಳೇ ಎತ್ತಬೇಕು. ಊರೆಲ್ಲ ಬಂದು ನಿಂತು ಕೇಳಲಿ.

ಇನ್‌ಸಿಲ್


ಯೊಂಗ್ದೋ
17 ಏಪ್ರಿಲ್ 1978

ಅಕ್ಕನಿಗೆ,

ನಿನ್ನೆ ಬೆಳಿಗ್ಗೆ ಏಳುವಾಗಲೇ ಕಿವಿ ಮುಚ್ಚಿತ್ತು. ನಾಲ್ಕು ವರ್ಷದ ಮೇಲೆ ಮಗಳ ಜತೆ ಮಾತಾಡುವ ದಿನವೇ ಹೀಗಾಗಬೇಕೇ? ಆದರೂ ಹೋದೆ. "ಬುನ್ಹೀ, ಅಮ್ಮ ಕಣೇ" ಎಂದೆ. ಆ ಕಡೆಯಿಂದ ಏನೋ ಬಂತು, ಮಡಕೆಯೊಳಗೆ ಯಾರೋ ಮಾತಾಡಿದಂತೆ. ಒಂದು ಮಾತೂ ತಿಳಿಯಲಿಲ್ಲ. "ಬರ್ತೀಯಾ ಮಗಾ? ಯಾವಾಗ ಬರ್ತೀಯಾ?" ಎಂದು ಕೇಳುತ್ತಲೇ ಇದ್ದೆ. ಅವಳು ಹೇಳುತ್ತಲೇ ಇದ್ದಳು. ಆಗ ನಿನ್ನ ಹೂಂ ನನಗೆ ಅರ್ಥವಾಯಿತು ಅಕ್ಕ. ನನ್ನ ಬಾಯಿಂದಲೂ ಅದೇ ಬಂತು, ಹೂಂ, ಹೂಂ.

ಆಮೇಲೆ ಸ್ವಲ್ಪ ಹೊತ್ತು ಏನೂ ಇರಲಿಲ್ಲ. ಇಟ್ಟಳೇನೋ ಎಂದುಕೊಂಡೆ. ಅಷ್ಟರಲ್ಲಿ ಸಿಳ್ಳುಸಿರು ಬಂತು. ಸಣ್ಣಗೆ, ಮೇಲೆ, ಚೂರೂ ಮಸುಕಿಲ್ಲದೆ. ನನ್ನ ಕಿವಿಯಲ್ಲಿ ದಪ್ಪ ದನಿಗಳು ಮೊದಲು ಹೋಗಿವೆ, ಸಣ್ಣವು ಇನ್ನೂ ಉಳಿದಿವೆ ಎಂದು ಡಾಕ್ಟರು ಅಂದಿದ್ದರು. ನಿನ್ನ ಕಿವಿಯಲ್ಲಿ ಹೋದದ್ದು ನನ್ನ ಕಿವಿಯಲ್ಲಿ ಉಳಿದಿದೆ. ಅಂಚೆ ಕಚೇರಿಯ ಗೋಡೆಗೊರಗಿ ಜೋರಾಗಿ ಅತ್ತೆ. ಅಜ್ಜಿ ಹೇಳಿದ್ದು ಸರಿ, ಅದು ನನ್ನ ಸಿಳ್ಳೆಯೇ.

ಅವಳು ಏನೆಂದಳು? ನೀನು ಪಕ್ಕದಲ್ಲೇ ಇದ್ದಿರಬೇಕಲ್ಲ, ಅವಳನ್ನು ಕೇಳಿ ಒಂದೊಂದು ಮಾತನ್ನೂ ಬರೆದು ಕಳಿಸು.

ಇನ್‌ಸಿಲ್


ಮಾಲ್‌ಗೆ
29 ಏಪ್ರಿಲ್ 1978

ತಂಗಿ ಇನ್‌ಸಿಲ್‌ಗೆ,

ಅವಳು ಹೇಳಿದ್ದು ಇಷ್ಟು. ಕೇಳಿ ಬರೆದಿದ್ದೇನೆ, ಏನೂ ಬಿಟ್ಟಿಲ್ಲ: "ಅಮ್ಮಾ, ಚೆನ್ನಾಗಿದ್ದೀನಿ. ಅಳ್ಬೇಡ. ನಾನು ಬರಲ್ಲ, ದೊಡ್ಡಮ್ಮನ್ನ ಬಿಟ್ಟು ಹೆಂಗ್ ಬರ್ಲಿ? ಬಾಗ್ಲು ಬಡಿದ್ರೂ ಗೊತ್ತಾಗಲ್ಲ ಅವಳಿಗೆ. ಮುಂದಿನ ತಿಂಗ್ಳಿಂದ ಮತ್ತೆ ಮುಳುಗ್ತೀನಿ. ನಂಗೆ ಭಯ ಇಲ್ಲ. ಅಮ್ಮಾ, ಕೇಳಿಸ್ತಿದ್ಯಾ? ಹೂಂ ಅಂತೀಯಲ್ಲ, ನಿಜವಾಗ್ಲೂ ಕೇಳಿಸ್ತಿದ್ಯಾ?" ಆಮೇಲೆ ಫೋನನ್ನು ಕೈಯಲ್ಲಿ ಮುಚ್ಚಿ ನನ್ನ ಕಡೆ ತಿರುಗಿ, "ದೊಡ್ಡಮ್ಮಾ, ಅಮ್ಮಂಗೂ ಕೇಳಿಸ್ತಿಲ್ಲ" ಎಂದಳು. ಉಸಿರೆಳೆದುಕೊಂಡು ಫೋನಿಗೆ ಸಿಳ್ಳೆ ಬಿಟ್ಟಳು. ನಾನು ಅವಳ ಬೆನ್ನ ಮೇಲೆ ಅಂಗೈ ಇಟ್ಟಿದ್ದೆ. ನನಗೆ ಬಂದದ್ದು ಅಷ್ಟೇ, ಅಂಗೈಯಲ್ಲಿ ನಡುಗಿದ್ದು.

ಅವಳು ಬರುವುದಿಲ್ಲ ಎಂದದ್ದು ಕೇಳಿ ನಾನು ಒಳಗೊಳಗೇ ಹಿಗ್ಗಿದೆ. ಇದನ್ನೂ ಬರೆಯುತ್ತೇನೆ. ಎಂಟು ದಿನ ಹಿಗ್ಗಿದೆ.

ಒಂಬತ್ತನೆಯ ದಿನ ಬೆಳಗಿನ ಊಟಕ್ಕೆ ಕೂತಿದ್ದೆವು. ಬುನ್ಹೀ ಚಮಚ ಕೆಳಗಿಟ್ಟು ತಲೆ ಓರೆ ಮಾಡಿದಳು. "ದೊಡ್ಡಮ್ಮಾ, ಅಡುಗೆಮನೇಲಿ ಜೀರುಂಡೆ ಸೇರ್ಕೊಂಡಿದೆ ನೋಡು" ಎಂದಳು.

ನಾನು ಎದ್ದೆ. ಭರಣಿಗಳನ್ನೆಲ್ಲ ಸರಿಸಿದೆ. ಅಕ್ಕಿ ಡಬ್ಬ ಎತ್ತಿದೆ, ಒಲೆಯ ಹಿಂದೆ ಕೈ ಹಾಕಿದೆ, ಸೌದೆ ಪೂರ್ತಿ ಅಂಗಳಕ್ಕೆ ಹಾಕಿದೆ. ಇದ್ದರೆ ನನಗೆ ಕೇಳುವುದಿಲ್ಲ, ಕಣ್ಣಿಗಾದರೂ ಸಿಗಲಿ ಎಂದು ಹುಡುಕಿದೆ. ದೇವರೇ, ಒಂದೇ ಒಂದು ಜೀರುಂಡೆ ಸಿಗಲಿ ಎಂದು ಬೇಡಿಕೊಂಡೆ. ಅಂಗಳದಿಂದ ಹೊಲ ಕಾಣುತ್ತಿತ್ತು. ಬಾರ್ಲಿ ಇನ್ನೂ ಹಚ್ಚಹಸಿರು. ಬಾರ್ಲಿ ಕೊಯ್ಯುವ ಮುಂಚೆ ಈ ದ್ವೀಪದಲ್ಲಿ ಜೀರುಂಡೆ ಕೂಗಿದ್ದನ್ನು ಯಾರೂ ಕೇಳಿಲ್ಲ.

ಒಳಗೆ ಬಂದೆ. "ಸಿಕ್ತಾ?" ಎಂದಳು. ಎಡಗಿವಿಯನ್ನು ಬೆರಳಿನಿಂದ ಒತ್ತಿಕೊಂಡಿದ್ದಳು. "ಈಗ ನಿಂತೋಯ್ತು... ಇಲ್ಲ, ಮತ್ತೆ ಶುರು. ನಿಂಗೂ ಕೇಳಿಸ್ತಿದ್ಯಾ ದೊಡ್ಡಮ್ಮಾ?"

"ಹೂಂ ಕಣೇ, ನಂಗೂ ಕೇಳಿಸ್ತಿದೆ" ಎಂದೆ. ಸುಳ್ಳಲ್ಲ ಅದು. ಅವಳು ನಿರಾಳವಾಗಿ ಗಂಜಿ ಕುಡಿದಳು.

ತಡ್ಕೊ ಎಂದವಳು ನಾನು. ಆ ಟಪ್ ಎಂದದ್ದಕ್ಕೆ ಬೆನ್ನು ತಟ್ಟಿದವಳು ನಾನು. ಪುಡಿ ಕೊಟ್ಟು ಕೊಟ್ಟು ನೋವನ್ನು ಮುಚ್ಚಿಸಿದವಳೂ ನಾನೇ. ಅಮ್ಮನ ಮೇಲೆ ಹಾಕಿ ಪಾರಾಗೋಣವೆಂದರೆ ಅವಳಿಗೆ ನಿನ್ನ ಡಾಕ್ಟರು ಹೇಳಿದ್ದು ಗೊತ್ತಿರಲಿಲ್ಲ. ನನಗೆ ಫೆಬ್ರವರಿಯಿಂದ ಗೊತ್ತಿತ್ತು.

ಅವಳು ನೀರು ತರಲು ಹೋದಾಗ ಅವಳ ಮುಳುಗುವ ರಬ್ಬರ್ ಉಡುಪನ್ನು ಕತ್ತರಿಯಿಂದ ಉದ್ದಕ್ಕೆ ಸೀಳಿದೆ. ತೋಳು ಬೇರೆ, ಕಾಲು ಬೇರೆ. ಬಂದು ನೋಡಿ ಕಿರುಚಾಡಿದಳು, ನೆಲಕ್ಕೆ ಬಿದ್ದು ಅತ್ತಳು. ನಾಲ್ಕು ದಿನದಿಂದ ನನ್ನ ಜತೆ ಮಾತಿಲ್ಲ. ಮಾತು ಬಿಟ್ಟರೂ ನನಗೇನು ಅಷ್ಟು ವ್ಯತ್ಯಾಸವಾಗದು ಎಂದು ತಮಾಷೆ ಮಾಡಲು ಹೋದೆ, ಅವಳು ನಗಲಿಲ್ಲ. ಓಕ್‌ದಾನ್ ಅಜ್ಜಿ ಮಾತ್ರ ಬಂದು ಚೂರುಗಳನ್ನು ನೋಡಿ, "ಹೋಗ್ಲಿ ಬಿಡು, ಬಾಗ್ಲು ಬಡಿದ್ರೆ ನಾನು ಬಂದು ಹೇಳ್ತೀನಿ" ಎಂದಳು. ಅವಳ ಮನೆ ಊರಿನ ಆ ತುದಿಗಿದೆ.

ಮೇ 4ರ ಹಡಗಿಗೆ ಅವಳನ್ನು ಹತ್ತಿಸುತ್ತೇನೆ. 5ನೇ ತಾರೀಖು ಬೆಳಿಗ್ಗೆ ಹಡಗು ನಿಲ್ಲುವ ಧಕ್ಕೆಗೆ ಬಾ. ನೀರಿನ ಅಂಚಿಗೆ ಬರಬೇಡ, ತಲೆ ತಿರುಗೀತು, ಗೋಡೆ ಹಿಡಿದು ದೂರ ನಿಲ್ಲು. ಅವಳೇ ಗುರುತು ಹಿಡಿಯುತ್ತಾಳೆ. ಮನೆಗೆ ಕರೆದುಕೊಂಡು ಹೋಗಬೇಡ, ಊಟಕ್ಕೂ ಕೂರಿಸಬೇಡ, ನೇರ ನಿನ್ನ ಡಾಕ್ಟರ ಹತ್ತಿರ ಕರೆದೊಯ್ಯಿ. ಟಪ್ ಎಂದದ್ದು, ಪುಡಿ, ರಕ್ತ, ಎಲ್ಲ ಹೇಳು. ಕಲಿಸಿದ್ದು ದೊಡ್ಡಮ್ಮ ಎಂದೇ ಹೇಳು. ಅವರು ಏನೆನ್ನುತ್ತಾರೋ ಅದನ್ನು ಹಾಗೆಯೇ ಬರೆ, ನನ್ನ ಮನಸ್ಸಿಗೆ ನೋವಾದೀತೆಂದು ಒಂದಕ್ಷರವನ್ನೂ ನುಂಗಬೇಡ. ನಾವಿಬ್ಬರೂ ನುಂಗಿದ್ದು ಸಾಕು.

ಅವಳಿಗೆ ಅದು ಜೀರುಂಡೆಯಲ್ಲ ಎಂದು ಇನ್ನೂ ಗೊತ್ತಿಲ್ಲ. ಬಾರ್ಲಿ ಕೊಯ್ಲು ಇನ್ನು ಐದೇ ವಾರ. ಅದಾದ ಮೇಲೆ ನಿಜವಾದವು ಕೂಗಲು ಶುರುಮಾಡುತ್ತವೆ, ಆಗ ಯಾವುದು ಹೊರಗಿನದು ಯಾವುದು ಒಳಗಿನದು ಎಂದು ಅವಳಿಗೇ ತಿಳಿಯುವುದಿಲ್ಲ. ಅಷ್ಟರೊಳಗೆ ತೋರಿಸು.

ಅಕ್ಕ ಮಾನೋಕ್